ಸತ್ತ ಊರಿನಲ್ಲಿ ಬದುಕಿದ್ದವರು

ಡೆಟ್ರಾಯಿಟ್ ಸತ್ತಿತ್ತು, ಈಗ ಎದ್ದು ಕೂತಿದೆ ಅಂತ ಪತ್ರಿಕೆಗಳು ಬರೆಯುತ್ತಿವೆ. ಅಮೆರಿಕದ ಮೋಟಾರು ಕಾರಿನ ರಾಜಧಾನಿ ಅದು. 1950ರಲ್ಲಿ ಅಲ್ಲಿದ್ದ ಜನ 18 ಲಕ್ಷ 49 ಸಾವಿರ. 2010ರ ಗಣತಿಗೆ ಬಂದಾಗ ಉಳಿದವರು 7 ಲಕ್ಷ 13 ಸಾವಿರ. ಊರ ನಡುಪೇಟೆ, ಅವರು ಡೌನ್‌ಟೌನ್ ಅನ್ನುವ ಜಾಗ, ಬಾಗಿಲು ಮುಚ್ಚಿದ ಅಂಗಡಿಗಳ, ಗಾಜು ಒಡೆದ ಮಹಡಿಗಳ ಸಾಲಾಗಿತ್ತು. ಈಗ ಅದೇ ವುಡ್‌ವರ್ಡ್ ರಸ್ತೆಯಲ್ಲಿ ಹೊಸ ಗೋಪುರ ಎದ್ದಿದೆ, 2017ರಲ್ಲಿ ಟ್ರಾಮು ಬಂದಿದೆ, ಸಂಜೆಯಾದರೆ ದೀಪ, ಸಂಗೀತ, ಕಾಫಿ. ಹಾಳೂರಿಗೆ ಜೀವ ಬಂತು ಅಂತಾರೆ.

ಕೇಳೋದಕ್ಕೆ ಚೆನ್ನಾಗಿದೆ. ನಮಗೆ ಇರುವುದು ಒಂದೇ ಸಂಶಯ. ಸತ್ತಿತ್ತು ಅನ್ನುವ ಆ ಊರಿನಲ್ಲಿ ಏಳು ಲಕ್ಷ ಜನ ದಿನಾ ಎದ್ದು ಒಲೆ ಹಚ್ಚುತ್ತಿದ್ದರು, ಮಕ್ಕಳನ್ನು ಸ್ಕೂಲಿಗೆ ಕಳಿಸುತ್ತಿದ್ದರು, ಬಸ್ಸಿಗೆ ಕಾಯುತ್ತಿದ್ದರು. ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಮೀರಿ ಕರಿಯರು. ಇಷ್ಟು ಜನ ಉಸಿರಾಡುತ್ತಿದ್ದ ಊರಿಗೆ ಸತ್ತ ಊರು ಅಂತ ಹೆಸರಿಟ್ಟವರು ಯಾರು? ಬಿಳಿಯರು ಬಿಟ್ಟುಹೋದಾಗ ಊರು ಸತ್ತಿತು, ಬಿಳಿಯರು ವಾಪಸ್ಸು ಬಂದಾಗ ಊರು ಹುಟ್ಟಿತು. ನಡುವೆ ಇದ್ದವರು ಲೆಕ್ಕಕ್ಕೇ ಇಲ್ಲ. ಈ ಲೆಕ್ಕದ ಪುಸ್ತಕ ನಮಗೆ ಹೊಸದಲ್ಲ ಗೆಳೆಯರೆ. ಊರು ಅಂದರೆ ಕೇರಿಯನ್ನು ಬಿಟ್ಟು ಅಂತಲೇ ಅರ್ಥವಾಗುವ ನೆಲದಲ್ಲಿ ಹುಟ್ಟಿದವರು ನಾವು.

ಹಾಸ್ಟೆಲಿನಲ್ಲಿ ಸಾರು ನೀರಾಗಿದೆ, ಸ್ಕಾಲರ್‌ಶಿಪ್ಪು ಬಂದಿಲ್ಲ, ಇವರಿಗೆ ಅಮೆರಿಕದ ಪೇಟೆಯ ಚಿಂತೆ ಅಂತ ಕೆಲವರು ಬಯ್ಯಬಹುದು. ಬಯ್ಯಿರಿ. ಆದರೆ 1946ರಲ್ಲಿ ಬಾಬಾಸಾಹೇಬರು ಕರಿಯರ ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ಅಮೆರಿಕದ ಕರಿಯರ ಸ್ಥಿತಿಯನ್ನು ಅಭ್ಯಾಸ ಮಾಡುವುದು ನಮಗೆ ಅಗತ್ಯದ ಕೆಲಸ ಅಂತ ಹೇಳಿದ್ದರು. 1972ರಲ್ಲಿ ಬೊಂಬಾಯಿಯ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಹೆಸರು ಬಂದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ನಂಟು ಹಳೆಯದು. ಅವರ ಕೇರಿಗೆ ಏನಾಯಿತು ಅಂತ ಕೇಳುವ ಹಕ್ಕು ನಮಗಿದೆ.

ಕೇರಿಯಿಂದಲೇ ಶುರು ಮಾಡೋಣ. ಡೆಟ್ರಾಯಿಟಿನ ನಡುಪೇಟೆಗೆ ಅಂಟಿಕೊಂಡಂತೆ ಪೂರ್ವಕ್ಕೆ ಬ್ಲ್ಯಾಕ್ ಬಾಟಮ್ ಅನ್ನುವ ಬಡಾವಣೆ ಇತ್ತು. ಕರಿಯರು ಇದ್ದದ್ದಕ್ಕೆ ಬಂದ ಹೆಸರಲ್ಲ ಅದು. ಹಿಂದೆ ಅಲ್ಲಿ ಬೇಸಾಯ ಮಾಡಿದ ಫ್ರೆಂಚ್ ರೈತರು ಮಣ್ಣಿನ ಬಣ್ಣ ನೋಡಿ ಇಟ್ಟದ್ದು. ನಮ್ಮ ಕಡೆ ಎರೆಹೊಲ ಅಂತೀವಲ್ಲ, ಹಾಗೆ. 1914ರಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ ಐದು ಡಾಲರ್ ಕೂಲಿ ಕೊಡುತ್ತೇನೆ ಅಂದ. ದಕ್ಷಿಣದ ಹತ್ತಿ ಹೊಲಗಳಿಂದ, ಜಮೀನ್ದಾರನ ಸಾಲದಿಂದ, ಮರಕ್ಕೆ ನೇಣು ಹಾಕುವ ಗುಂಪುಗಳಿಂದ ತಪ್ಪಿಸಿಕೊಂಡು ಕರಿಯರು ರೈಲು ಹತ್ತಿ ಬಂದರು. ಬಂದವರಿಗೆ ಬೇರೆಲ್ಲೂ ಮನೆ ಸಿಗಲಿಲ್ಲ. ಕರಿಯರಿಗೆ ಮಾರಕೂಡದು, ಬಾಡಿಗೆ ಕೊಡಕೂಡದು ಅಂತ ಮನೆಪತ್ರದಲ್ಲೇ ಬರೆದಿರುತ್ತಿದ್ದರು. ಆ ಕರಾರನ್ನು ನ್ಯಾಯಾಲಯಗಳು ಜಾರಿ ಮಾಡಕೂಡದು ಅಂತ ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ಆ ತೀರ್ಪಿನಲ್ಲಿ ಡೆಟ್ರಾಯಿಟಿನ ಒಂದು ಕುಟುಂಬದ ಮೊಕದ್ದಮೆಯೂ ಸೇರಿತ್ತು.

ಹಾಗಾಗಿ ಎಲ್ಲರೂ ಬ್ಲ್ಯಾಕ್ ಬಾಟಮಿನಲ್ಲೇ ತುಂಬಿಕೊಂಡರು. ಹಳೇ ಮರದ ಮನೆಗಳು, ಎಷ್ಟೋ ಮನೆಗಳಲ್ಲಿ ಕಕ್ಕಸಿಗೂ ಗತಿಯಿಲ್ಲ, ಬಾಡಿಗೆ ಮಾತ್ರ ಜಾಸ್ತಿ. ಆದರೆ ಅದರ ನಡುವೆ ಹೇಸ್ಟಿಂಗ್ಸ್ ಬೀದಿ ಇತ್ತು. ಕರಿಯರದೇ ಔಷಧಿ ಅಂಗಡಿ, ಕ್ಷೌರದಂಗಡಿ, ಹೋಟೆಲು, ಡಾಕ್ಟರು, ಪತ್ರಿಕೆ. ಪಕ್ಕದ ಪ್ಯಾರಡೈಸ್ ವ್ಯಾಲಿಯಲ್ಲಿ ರಾತ್ರಿಯೆಲ್ಲ ಜಾಝ್. ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದ ಜಾನ್ ಲೀ ಹೂಕರ್ 1948ರಲ್ಲಿ ಹಾಡಿದ ಮೊದಲ ಪ್ಲೇಟಿನಲ್ಲೇ ಈ ಬೀದಿಯ ಹೆಸರಿದೆ. ಅರೀಥಾ ಫ್ರಾಂಕ್ಲಿನ್‌ಳ ತಂದೆ ಪ್ರವಚನ ಮಾಡುತ್ತಿದ್ದ ಚರ್ಚು ಇದ್ದದ್ದೂ ಇದೇ ಬೀದಿಯಲ್ಲಿ.

1949ರ ವಸತಿ ಕಾಯಿದೆ ಬಂತು. ಕೊಳಚೆ ನಿರ್ಮೂಲನೆ ಅಂದರು. ನಿರ್ಮೂಲ ಆದದ್ದು ಕೊಳಚೆಯಲ್ಲ, ಜನ. 1950ರ ದಶಕದ ಆರಂಭದಲ್ಲಿ ಮನೆಗಳನ್ನು ಕೆಡವಿದರು. ಬಾಡಿಗೆಗಿದ್ದವರಿಗೆ ಒಂದು ನೋಟೀಸು, ಅಷ್ಟೆ. ಕೆಡವಿದ ನೆಲ ವರ್ಷಗಟ್ಟಲೆ ಖಾಲಿ ಬಿದ್ದು, ಕಳೆಗಿಡ ಬೆಳೆದು, ಊರ ಜನ ಅದನ್ನು ಕಳೆ ಎಕರೆ ಅಂತ ಆಡಿಕೊಂಡರು. ಆಮೇಲೆ ಅಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ವಿನ್ಯಾಸದ ಗಾಜಿನ ಮಹಡಿಗಳು ಎದ್ದವು. ಹಳಬರಿಗೆ ಎಟುಕದ ಬಾಡಿಗೆ. ಹೇಸ್ಟಿಂಗ್ಸ್ ಬೀದಿಯನ್ನೋ, ಅಗೆದು ಹಳ್ಳ ಮಾಡಿ ಹೆದ್ದಾರಿ ಹಾಯಿಸಿದರು. ಯಾಕೆ ಗೊತ್ತೇನು? ಹೊರಗಿನ ಉಪನಗರಗಳಿಗೆ ಓಡಿಹೋಗಿದ್ದ ಬಿಳಿಯರು ಬೆಳಿಗ್ಗೆ ಕಾರಿನಲ್ಲಿ ನಡುಪೇಟೆಯ ಆಫೀಸಿಗೆ ಬಂದು ಸಂಜೆ ವಾಪಸ್ಸು ಹೋಗಬೇಕಲ್ಲ.

ಕರಿಯರನ್ನು ದೂರ ಇಡಲು ಪತ್ರ, ಕಾಯಿದೆ ಮಾತ್ರ ಸಾಲಲಿಲ್ಲ. 1941ರಲ್ಲಿ ಊರ ಉತ್ತರದ ಅಂಚಿನಲ್ಲಿ ಒಬ್ಬ ಬಿಲ್ಡರು ಬಿಳಿಯರಿಗೆ ಮನೆ ಕಟ್ಟಲು ಹೊರಟ. ಪಕ್ಕದಲ್ಲೇ ಕರಿಯರ ವಸತಿ ಇದೆ, ಸಾಲಕ್ಕೆ ಜಾಮೀನು ಕೊಡುವುದಿಲ್ಲ ಅಂತ ಸರ್ಕಾರದ ವಸತಿ ಇಲಾಖೆ ಹೇಳಿತು. ಅವನು ಎರಡರ ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟು ಗೋಡೆ ಕಟ್ಟಿಸಿದ. ಜಾಮೀನು ಸಿಕ್ಕಿತು! ಮಡಿಯನ್ನು ಅಡಿ ಲೆಕ್ಕದಲ್ಲಿ ಅಳೆಯುವ ವಿದ್ಯೆ ಮನುಶಾಸ್ತ್ರ ಓದದೆಯೂ ಬರುತ್ತದೆ ಅನ್ನೋದಕ್ಕೆ ಆ ಗೋಡೆ ಈಗಲೂ ಅಲ್ಲಿದೆ.

ಹೇಸ್ಟಿಂಗ್ಸ್ ಬೀದಿಯಿಂದ ಎದ್ದವರು ಎಲ್ಲಿ ಹೋದರು? ಬಹಳ ಮಂದಿ ಹನ್ನೆರಡನೇ ಬೀದಿಯ ಸುತ್ತ ತುಂಬಿಕೊಂಡರು. ಒಂದೇ ಮನೆಯನ್ನು ನಾಲ್ಕು ಸಂಸಾರಕ್ಕೆ ಹರಿದು ಹಂಚಿದ ಬಾಡಿಗೆ ಮನೆಗಳು, ಕಾವಲಿಗೆ ಬಿಳಿ ಪೊಲೀಸರು. 1967ರ ಜುಲೈ 23ರ ಬೆಳಗಿನ ಜಾವ ಅಲ್ಲಿನ ಒಂದು ಕಳ್ಳ ಶರಾಬಂಗಡಿಗೆ ಪೊಲೀಸರು ನುಗ್ಗಿದರು. ಒಳಗೆ ವಿಯೆಟ್ನಾಂ ಯುದ್ಧದಿಂದ ಬಂದ ಹುಡುಗರಿಗೆ ಔತಣ ನಡೆದಿತ್ತು. ಊರು ಹೊತ್ತಿಕೊಂಡಿತು. ಐದು ದಿನ. ಸತ್ತವರು 43, ಅವರಲ್ಲಿ ಕರಿಯರು 33. ಬಂಧನವಾದವರು ಏಳು ಸಾವಿರಕ್ಕೂ ಹೆಚ್ಚು. ಹೇಸ್ಟಿಂಗ್ಸ್ ಬೀದಿಯಿಂದ ಎಬ್ಬಿಸಿದಾಗ ಇಲ್ಲಿಗೆ ಬಂದು ಸೇರಿದ್ದ ಜೋ ವಾನ್ ಬ್ಯಾಟಲ್‌ನ ಹಾಡಿನ ಪ್ಲೇಟುಗಳ ಅಂಗಡಿಯೂ ಆ ದಿನಗಳಲ್ಲಿ ಹಾಳಾಯಿತು. ಒಬ್ಬನೇ ಮನುಷ್ಯ ಎರಡು ಸಲ ಬೀದಿಗೆ ಬಂದ.

ಇವತ್ತಿಗೂ ಡೆಟ್ರಾಯಿಟ್ ಯಾಕೆ ಹಾಳಾಯಿತು ಅಂದರೆ, 1967ರ ಗಲಭೆಯಿಂದ ಅಂತ ಥಟ್ಟನೆ ಉತ್ತರ ಬರುತ್ತದೆ. ಸುಳ್ಳು. ತಾರೀಖು ನೋಡಿ. ವುಡ್‌ವರ್ಡ್ ರಸ್ತೆಯ ಹಡ್ಸನ್ಸ್ ಅನ್ನುವ ಭಾರಿ ಅಂಗಡಿ, ಇಡೀ ನಡುಪೇಟೆಯ ಕಂಬ, ಊರಾಚೆ ನಾರ್ತ್‌ಲ್ಯಾಂಡಿನಲ್ಲಿ ಹೊಸ ಮಾಲ್ ತೆರೆದದ್ದು 1954ರಲ್ಲಿ. ಪ್ಯಾಕರ್ಡ್ ಕಾರಿನ ಕಾರ್ಖಾನೆ ನಿಂತದ್ದು 1956ರಲ್ಲಿ. 1950ರಿಂದ 1960ರೊಳಗೆ ಊರು ಒಂದು ಲಕ್ಷ ಎಂಬತ್ತು ಸಾವಿರದಷ್ಟು ಜನರನ್ನು ಕಳೆದುಕೊಂಡಾಗಿತ್ತು. ಒಂದು ಕಲ್ಲೂ ತೂರಿರಲಿಲ್ಲ ಆಗ. ಬಂಡವಾಳ ಮೊದಲು ಎದ್ದು ಹೋಯಿತು, ಬೆಂಕಿ ಆಮೇಲೆ ಬಂತು. ಆದರೆ ತಪ್ಪು ಹೊರಿಸಲು ಬೆಂಕಿಯೇ ಅನುಕೂಲ, ಯಾಕಂದ್ರೆ ಬೆಂಕಿಗೆ ಕರಿ ಕೈ ಇದೆ, ಬಂಡವಾಳಕ್ಕೆ ಬರೀ ಸಹಿ.

1973ರಲ್ಲಿ ಕೋಲ್‌ಮನ್ ಯಂಗ್ ಮೊದಲ ಕರಿಯ ಮೇಯರಾಗಿ ಗೆದ್ದರು. ಬ್ಲ್ಯಾಕ್ ಬಾಟಮಿನಲ್ಲೇ ಬೆಳೆದವರು, ಕಾರ್ಖಾನೆಯಲ್ಲಿ ದುಡಿದವರು. ಕೈಗೆ ಬೀಗದ ಕೈ ಬಂತು, ಖಜಾನೆ ಖಾಲಿಯಾಗಿತ್ತು. 1977ರಲ್ಲಿ ನದಿ ದಂಡೆಯ ಮೇಲೆ ರಿನೈಸಾನ್ಸ್ ಸೆಂಟರ್ ತೆರೆಯಿತು. ಹೆಸರೇ ಪುನರ್ಜನ್ಮ. ಎರಡನೇ ಹೆನ್ರಿ ಫೋರ್ಡ್ ಮುಂದೆ ನಿಂತು ಕಟ್ಟಿಸಿದ 73 ಅಂತಸ್ತಿನ ಹೋಟೆಲು, ಸುತ್ತ ಆಫೀಸಿನ ಗೋಪುರಗಳು. ಪೇಟೆಯ ಕಡೆಗೆ ಕೋಟೆಯ ಹಾಗೆ ಕಾಂಕ್ರೀಟಿನ ದಿಬ್ಬ ಎಬ್ಬಿಸಿ ಪೇಟೆಗೇ ಬೆನ್ನು ಹಾಕಿ ಕೂತಿತು. 1983ರಲ್ಲಿ ಹಡ್ಸನ್ಸ್ ನಡುಪೇಟೆಯ ಬಾಗಿಲು ಮುಚ್ಚಿತು, 1998ರಲ್ಲಿ ಸಿಡಿಮದ್ದಿಟ್ಟು ಅದನ್ನು ನೆಲಕ್ಕೆ ಕೆಡವಿದರು.

ಪೇಟೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಈ ವರ್ಷಗಳಲ್ಲೇ ಊರಿನಲ್ಲಿ ಏನೇನು ಹುಟ್ಟಿತು ಅಂತ ಯಾರೂ ಬರೆಯುವುದಿಲ್ಲ. 1968ರಲ್ಲಿ ಡಾಡ್ಜ್ ಕಾರ್ಖಾನೆಯ ಕರಿಯ ಕೆಲಸಗಾರರು ಯೂನಿಯನ್ನಿನ ಅಪ್ಪಣೆ ಕೇಳದೆ ಮುಷ್ಕರ ಹೂಡಿ ಡ್ರಮ್ ಅನ್ನುವ ಸಂಘಟನೆ ಕಟ್ಟಿದರು. ಅವರ ಆಯುಧ ನಮ್ಮದೇ ಆಯುಧ: ಗೇಟಿನಲ್ಲಿ ಹಂಚುವ ಪತ್ರಿಕೆ. ಫೋರ್ಡ್ ಎರಕದ ಮನೆಯಲ್ಲಿ, ಅಂಚೆ ಕಚೇರಿಯಲ್ಲಿ ದುಡಿದು ಲೈಬ್ರರಿಯನ್ ಆದ ಡಡ್ಲಿ ರ್‍ಯಾಂಡಲ್ ಅನ್ನುವ ಕವಿ 1965ರಲ್ಲಿ ಒಂದೊಂದು ಹಾಳೆಗೆ ಒಂದೊಂದು ಪದ್ಯ ಅಚ್ಚು ಹಾಕಿ ಮಾರಲು ಶುರು ಮಾಡಿದ. ಅದೇ ಬ್ರಾಡ್‌ಸೈಡ್ ಪ್ರೆಸ್ ಆಯಿತು, ಗ್ವೆಂಡೊಲಿನ್ ಬ್ರೂಕ್ಸ್‌ರಂಥ ದೊಡ್ಡ ಕವಿಯ ಪುಸ್ತಕಗಳು ಅಲ್ಲಿಂದ ಬಂದವು. ಪದ್ಯ ಬರೆಯುವ ಹುಡುಗರಿಗೆ ಇದೊಂದು ಸಂಗತಿ ಗೊತ್ತಿರಲಿ ಅಂತ ಹೇಳಿದೆ.

ಈಗ ಹುಟ್ಟಿನ ಕತೆ. 2013ರ ಜುಲೈ 18ರಂದು ಡೆಟ್ರಾಯಿಟ್ ದಿವಾಳಿ ಅರ್ಜಿ ಹಾಕಿತು. ಸಾಲ ಸುಮಾರು 1800 ಕೋಟಿ ಡಾಲರು. ಅಮೆರಿಕದ ಯಾವ ಊರೂ ಅಷ್ಟು ದೊಡ್ಡದಾಗಿ ದಿವಾಳಿ ಎದ್ದಿರಲಿಲ್ಲ. ಅದಕ್ಕೆ ಮೊದಲೇ ರಾಜ್ಯದ ಗವರ್ನರು ತುರ್ತು ಆಡಳಿತಗಾರನನ್ನು ಕೂರಿಸಿ, ಜನ ಆರಿಸಿದ ಮೇಯರು, ಕೌನ್ಸಿಲರುಗಳ ಕೈ ಕಟ್ಟಿಹಾಕಿದ್ದರು. ನಿವೃತ್ತ ನೌಕರರ ಪಿಂಚಣಿಯಲ್ಲಿ ನೂರಕ್ಕೆ ನಾಲ್ಕೂವರೆ ಕಡಿತ, ಬೆಲೆ ಏರಿದಂತೆ ಏರಬೇಕಾದ ಭತ್ಯೆ ರದ್ದು. 2014ರಲ್ಲಿ ನೂರೈವತ್ತು ಡಾಲರು ಅಥವಾ ಎರಡು ತಿಂಗಳ ಬಾಕಿ ಇದ್ದರೂ ಸಾಕು, ಸಾವಿರಾರು ಮನೆಗಳ ನಲ್ಲಿ ಕಟ್ ಮಾಡಿದರು. ಆ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ತಜ್ಞರು ಬಂದು ಇದು ಮಾನವ ಹಕ್ಕಿನ ಉಲ್ಲಂಘನೆ ಅಂದರು. ನೀರು ಮುಟ್ಟಬಾರದು ಅನ್ನುವುದಕ್ಕೆ ಮಹಾಡಿನಲ್ಲಿ ಧರ್ಮದ ಕಾರಣ ಕೊಟ್ಟಿದ್ದರು, ಇಲ್ಲಿ ಬಿಲ್ಲಿನ ಕಾರಣ.

ಅದೇ 2013ರ ಜುಲೈನಲ್ಲಿ, ದಿವಾಳಿ ಅರ್ಜಿಯ ಶಾಯಿ ಆರುವ ಮೊದಲೇ, ಐಸ್ ಹಾಕಿ ತಂಡದ ಒಡೆಯರಿಗಾಗಿ ಹೊಸ ಕ್ರೀಡಾಂಗಣಕ್ಕೆ ಸಾರ್ವಜನಿಕ ಹಣ ಕೊಡಲು ರಾಜ್ಯ ಒಪ್ಪಿತು. 2017ರಲ್ಲಿ ಅದು ತೆರೆಯುವ ಹೊತ್ತಿಗೆ ಸುರಿದ ಸಾರ್ವಜನಿಕ ಹಣ 32 ಕೋಟಿ ಡಾಲರು ದಾಟಿತ್ತು. ನಡುಪೇಟೆಯ ಹೊಸ ದೊರೆ ಡ್ಯಾನ್ ಗಿಲ್ಬರ್ಟ್ 2010ರಲ್ಲಿ ತನ್ನ ಸಾಲದ ಕಂಪನಿಯನ್ನು ಅಲ್ಲಿಗೆ ತಂದು, ಅಗ್ಗದಲ್ಲಿ ಕಟ್ಟಡಗಳನ್ನು ಕೊಳ್ಳುತ್ತ ಹೋಗಿ ನೂರು ದಾಟಿಸಿದ. ಹಡ್ಸನ್ಸ್ ಬಿದ್ದ ಜಾಗದಲ್ಲಿ ಅವನು ಎಬ್ಬಿಸಿದ ಗೋಪುರಕ್ಕೆ 2022ರಲ್ಲಿ ನಗರಸಭೆ ಹತ್ತು ವರ್ಷಕ್ಕೆ 6 ಕೋಟಿ ಡಾಲರಿನ ತೆರಿಗೆ ಮಾಫಿ ಕೊಟ್ಟಿತು. ಇನ್ನೊಂದು ಕಡೆ ಡೆಟ್ರಾಯಿಟ್ ನ್ಯೂಸ್ ಪತ್ರಿಕೆ 2020ರಲ್ಲಿ ಬಯಲು ಮಾಡಿದ ಲೆಕ್ಕ: 2010ರಿಂದ 2016ರವರೆಗೆ ಮಾಮೂಲಿ ಮನೆ ಮಾಲೀಕರಿಂದ ಕಡಮೆಯೆಂದರೂ 60 ಕೋಟಿ ಡಾಲರು ತೆರಿಗೆ ಹೆಚ್ಚಾಗಿ ವಸೂಲಾಗಿತ್ತು. ಮನೆಯ ಬೆಲೆ ಪಾತಾಳ ಕಂಡಿತ್ತು, ತೆರಿಗೆ ಮಾತ್ರ ಹಳೇ ಬೆಲೆಯ ಮೇಲೆ. ಕಟ್ಟಲಾಗದವರ ಮನೆ ಹರಾಜು.

ಗ್ರಿಸ್‌ವೋಲ್ಡ್ ಬೀದಿಯಲ್ಲಿ ಒಂದು ಹಳೇ ಕಟ್ಟಡ ಇತ್ತು. ಸರ್ಕಾರದ ಬಾಡಿಗೆ ಸಹಾಯದಲ್ಲಿ ಬದುಕುವ ನೂರಕ್ಕೂ ಹೆಚ್ಚು ಬಡ ಮುದುಕ ಮುದುಕಿಯರು ಅಲ್ಲಿದ್ದರು. ಬೇರೆ ಯಾರೂ ನಡುಪೇಟೆಗೆ ಬರಲು ಹೆದರುತ್ತಿದ್ದ ಕಾಲದಲ್ಲಿ ಅಲ್ಲೇ ಇದ್ದವರು. 2013ರಲ್ಲಿ ಅವರಿಗೆ ಒಂದು ವರ್ಷದ ನೋಟೀಸು ಬಂತು. ಅವರು ಹೋದ ಮೇಲೆ ಗೋಡೆಗೆ ಹೊಸ ಬಣ್ಣ, ಕಟ್ಟಡಕ್ಕೆ ಹೊಸ ಹೆಸರು, ಹೊಸ ಬಾಡಿಗೆ. 2017ರ ಬೇಸಿಗೆಯಲ್ಲಿ ಗಿಲ್ಬರ್ಟನ ಕಂಪನಿ ವುಡ್‌ವರ್ಡ್ ರಸ್ತೆಯ ಕಿಟಕಿಗಳ ಮೇಲೆ, ನಾವು ನೋಡುವ ಹಾಗೆ ಡೆಟ್ರಾಯಿಟನ್ನು ನೋಡಿ ಅನ್ನುವ ಅರ್ಥದ ದೊಡ್ಡ ಪೋಸ್ಟರು ಅಂಟಿಸಿತು. ಚಿತ್ರದಲ್ಲಿದ್ದವರು ಹೆಚ್ಚೂಕಮ್ಮಿ ಎಲ್ಲರೂ ಬಿಳಿಯರು. ಗದ್ದಲವಾದ ಮೇಲೆ ಕ್ಷಮೆ ಕೇಳಿ ಕಿತ್ತರು. ನನಗನ್ನಿಸುತ್ತೆ, ಕೀಳಬಾರದಿತ್ತು. ಅಷ್ಟು ನಿಜ ಹೇಳಿದ ಪೋಸ್ಟರು ಆ ಪೇಟೆಯಲ್ಲಿ ಇನ್ನೊಂದು ಇರಲಿಲ್ಲ.

ನ್ಯಾಯವಾಗಿ ಹೇಳೋಣ. ಹಾಳು ಗೋಡೆಗೆ ಕೈಮುಗಿಯುವ ಚಟ ನಮಗಿಲ್ಲ. ದಿವಾಳಿಯ ಹೊತ್ತಿಗೆ ನೂರಕ್ಕೆ ನಲವತ್ತರಷ್ಟು ಬೀದಿದೀಪ ಉರಿಯುತ್ತಿರಲಿಲ್ಲ. 2016ರ ಕೊನೆಗೆ 65 ಸಾವಿರ ಹೊಸ ದೀಪ ಬಂದವು, ಕರಿಯರ ಬೀದಿಗೂ ಬಂದವು. 1988ರಲ್ಲಿ ಕೊನೆಯ ರೈಲು ಹೋದ ಮೇಲೆ ಪಾಳುಬಿದ್ದ ಮಿಶಿಗನ್ ಸೆಂಟ್ರಲ್ ಸ್ಟೇಷನ್ನನ್ನು ಫೋರ್ಡ್ ಕಂಪನಿ ಕೊಂಡು 2024ರಲ್ಲಿ ಮತ್ತೆ ತೆರೆದಾಗ, ದಕ್ಷಿಣದಿಂದ ಅದೇ ಸ್ಟೇಷನ್ನಿಗೆ ಬಂದಿಳಿದವರ ಮೊಮ್ಮಕ್ಕಳೂ ಹೋಗಿ ನೋಡಿದರು. 2023ರ ಅಂದಾಜಿನಲ್ಲಿ 1957ರ ನಂತರ ಮೊದಲ ಸಲ ಊರಿನ ಜನಸಂಖ್ಯೆ ಏರಿತು. ಇದೆಲ್ಲ ಬೇಡ ಅನ್ನಲು ನಾವ್ಯಾರು? ಆದರೆ ಊರು 139 ಚದರ ಮೈಲಿ. ಹೊಗಳಿಕೆಯ ದೀಪ ಬಿದ್ದದ್ದು ನಡುಪೇಟೆ ಮತ್ತು ಅದರ ಸುತ್ತಿನ ಏಳು ಚದರ ಮೈಲಿಯ ಮೇಲೆ. 2010ರಿಂದ 2020ರ ಒಳಗೆ, ಅಂದರೆ ಹುಟ್ಟುಹಬ್ಬದ ಹತ್ತು ವರ್ಷದಲ್ಲಿ, ಊರು ಬಿಟ್ಟು ಕಡಮೆಯಾದ ಕರಿಯರು ತೊಂಬತ್ತು ಸಾವಿರಕ್ಕೂ ಹೆಚ್ಚು. ಬಿಳಿಯರ ಸಂಖ್ಯೆ ಏರಿತು.

ಅಲ್ಲಿನವರು ಸುಮ್ಮನೆ ಕೂತಿಲ್ಲ. ಸಾರ್ವಜನಿಕ ಹಣ ತಿನ್ನುವ ದೊಡ್ಡ ಕಟ್ಟಡ ಯಾವುದೇ ಬರಲಿ, ಅಕ್ಕಪಕ್ಕದ ಜನರ ಜೊತೆ ಕೂತು ಕೆಲಸ, ಮನೆ, ಬಾಡಿಗೆ ಬಗ್ಗೆ ಕಾನೂನುಬದ್ಧ ಕರಾರು ಮಾಡಿಕೊಳ್ಳಬೇಕು ಅಂತ ಕೇರಿಯ ಸಂಘಟನೆಗಳು ಕಾಯಿದೆ ಬರೆದು 2016ರಲ್ಲಿ ಮತಕ್ಕೆ ತಂದವು. ಅದಕ್ಕೆ ಎದುರಾಗಿ ಹಲ್ಲು ಕಿತ್ತ ಇನ್ನೊಂದು ಕಾಯಿದೆಯನ್ನು ನಗರಸಭೆ ಅದೇ ಮತಪತ್ರಕ್ಕೆ ಸೇರಿಸಿತು. ಹಲ್ಲಿಲ್ಲದ್ದು ಗೆದ್ದಿತು. ಏಳೂವರೆ ಕೋಟಿ ಡಾಲರಿಗಿಂತ ದೊಡ್ಡ ಯೋಜನೆಯಾದರೆ ಮಾತ್ರ ಜನರನ್ನು ಕರೆದು ಕೇಳುತ್ತಾರೆ. ಕೇಳಿದ್ದನ್ನು ಕೊಡುತ್ತಾರೋ ಇಲ್ಲವೋ ಅನ್ನುವುದು ಪ್ರತಿ ಸಲದ ಜಗಳ. ಅಷ್ಟಾದರೂ ಇದೆ.

ಹೇಸ್ಟಿಂಗ್ಸ್ ಬೀದಿಯ ಮೇಲೆ ಹಾಯಿಸಿದ ಆ ಹೆದ್ದಾರಿಯನ್ನು ಮುಚ್ಚಿ, ಹಳ್ಳ ತುಂಬಿ, ಮಾಮೂಲಿ ರಸ್ತೆ ಮಾಡುತ್ತೇವೆ ಅಂತ 2022ರಲ್ಲಿ ಕೇಂದ್ರ ಸರ್ಕಾರ ಹತ್ತು ಕೋಟಿ ಡಾಲರು ಚಿಲ್ಲರೆ ಮಂಜೂರು ಮಾಡಿತು. ಹಳೇ ಅನ್ಯಾಯ ಸರಿಪಡಿಸುತ್ತೇವೆ ಅಂತ ಭಾಷಣವೂ ಆಯಿತು. ಹಳ್ಳ ತುಂಬಿದರೆ ನಡುಪೇಟೆಯ ಮಗ್ಗುಲಲ್ಲೇ, ಚಿನ್ನದ ಬೆಲೆಯ ಮೂವತ್ತು ಎಕರೆಯಷ್ಟು ನೆಲ ಹೊಸದಾಗಿ ಮೇಲೆ ಬರುತ್ತದೆ. ಬ್ಲ್ಯಾಕ್ ಬಾಟಮಿನಿಂದ ಎಬ್ಬಿಸಿದವರ ಮಕ್ಕಳು, ಮೊಮ್ಮಕ್ಕಳು ಸಭೆಗಳಿಗೆ ಹೋಗಿ ಕೇಳಿದ್ದು ರಸ್ತೆ ಎಷ್ಟು ಅಗಲ ಅಂತ ಅಲ್ಲ. ಆ ನೆಲದ ಪತ್ರ ಯಾರ ಹೆಸರಿಗೆ ಬರೆಯುತ್ತೀರಿ ಅಂತ. ಉತ್ತರ ಬರಲಿಲ್ಲ. 2025ರಲ್ಲಿ ಖರ್ಚು ಏರಿತು ಅಂತ ಹೇಳಿ ಕೆಲಸವನ್ನೇ ತಡೆದರು.