ದೊಡ್ಡ ಯಂತ್ರವೇ ಒಳ್ಳೆಯ ಯಂತ್ರವೇ?

ಮಾಗಡಿ ಕಡೆಯ ನಮ್ಮ ಚಿಕ್ಕಪ್ಪನಿಗೆ ಒಮ್ಮೆ ಸೊಂಟ ಹಿಡಿದುಕೊಂಡಿತು. ವೈದ್ಯರು ಕಾಲುಗಳ ಬಲವನ್ನೂ ಸ್ಪರ್ಶವನ್ನೂ ಪರೀಕ್ಷಿಸಿ, ‘ಗಾಬರಿ ಬೇಡ, ಕೆಲವು ವಾರ ನೋಡೋಣ’ ಎಂದರು. ಚಿತ್ರ ತೆಗೆಸದ ವೈದ್ಯರ ಮಾತು ಚಿಕ್ಕಪ್ಪನಿಗೆ ರುಚಿಸಲಿಲ್ಲ. ರಾಮನಗರದಲ್ಲಿ ರೇಷ್ಮೆಗೂಡು ಮಾರಿದ ಹಣದೊಡನೆ ಬೆಂಗಳೂರಿಗೆ ಹೋಗಿ ಎಂ.ಆರ್.ಐ. ಮಾಡಿಸಿದರು. ಕಂಡದ್ದು ವಯಸ್ಸಿಗೆ ಸಹಜವಾದ ಬೆನ್ನುಮೂಳೆಯ ಸವೆತ. ನೋವು ತಿಂಗಳೊಳಗೆ ತಾನಾಗಿ ಇಳಿಯಿತು. ಹಣ ಮಾತ್ರ ಮರಳಲಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಮಗೆ ಬೆಂಗಳೂರು ಹತ್ತಿರ. ದೊಡ್ಡ ಯಂತ್ರಗಳ ಕೀರ್ತಿ ಬೇಗ ತಲುಪುತ್ತದೆ. ಅವುಗಳ ತಿಳಿವಳಿಕೆ ಅಷ್ಟು ಬೇಗ ತಲುಪುವುದಿಲ್ಲ. ಚನ್ನಪಟ್ಟಣದ ಬೊಂಬೆ ಕೆಲಸಗಾರನ ಬಳಿ ಹಲವು ಉಳಿಗಳಿರುತ್ತವೆ. ದೊಡ್ಡದೆಂಬ ಕಾರಣಕ್ಕೆ ಒಂದನ್ನೇ ಅವನು ಎಲ್ಲ ಕೆಲಸಕ್ಕೂ ಹಿಡಿಯುವುದಿಲ್ಲ. ದೇಹದ ಒಳಗನ್ನು ತೋರಿಸುವ ಯಂತ್ರಗಳ ವಿಷಯವೂ ಹಾಗೆಯೇ.

1895ರಲ್ಲಿ ರಂಟ್‌ಗೆನ್ ಕಂಡುಹಿಡಿದ ಕ್ಷ-ಕಿರಣ ಮುರಿದ ಮೂಳೆಯನ್ನೂ ಎದೆಯ ಕ್ಷಯವನ್ನೂ ಅಲ್ಪ ಖರ್ಚಿನಲ್ಲಿ ತೋರಿಸುತ್ತದೆ. ಆದರೆ ಅದರಲ್ಲಿ ಅಂಗಗಳ ನೆರಳು ಒಂದರ ಮೇಲೊಂದು ಬೀಳುತ್ತದೆ. 1971ರಲ್ಲಿ ಮೊದಲ ರೋಗಿಯ ಮೇಲೆ ಪ್ರಯೋಗವಾದ ಸಿ.ಟಿ. ಅದೇ ಕಿರಣದಿಂದ ದೇಹವನ್ನು ಪದರ ಪದರವಾಗಿ ತೋರಿಸಿತು. ಮೈಸೂರು ಹೆದ್ದಾರಿಯಲ್ಲಿ ತಲೆಗೆ ಪೆಟ್ಟು ಬಿದ್ದವನ ಮಿದುಳಿನ ರಕ್ತಸ್ರಾವವನ್ನು ನಿಮಿಷಗಳಲ್ಲಿ ಕಾಣಲು ಅದೇ ಬೇಕು. ಅದಕ್ಕೂ ಬೆಲೆಯುಂಟು: ಎದೆಯ ಒಂದು ಕ್ಷ-ಕಿರಣ ಚಿತ್ರದಿಂದ ತಾಗುವ ವಿಕಿರಣ, ಪ್ರಕೃತಿಯಿಂದ ಸುಮಾರು 10 ದಿನಗಳಲ್ಲಿ ತಾಗುವಷ್ಟು; ಎದೆಯ ಸಿ.ಟಿ.ಯದು ಸುಮಾರು 2 ವರ್ಷಗಳಷ್ಟು.

ಅಲ್ಟ್ರಾಸೌಂಡಿನಲ್ಲಿ ಕಿರಣವಿಲ್ಲ, ಧ್ವನಿ ಮಾತ್ರ. ಬಸುರಿಗೂ ಪಿತ್ತಕೋಶದ ಕಲ್ಲಿಗೂ ಅದೇ ಮೊದಲ ಪರೀಕ್ಷೆ. ಮೂಳೆ, ಗಾಳಿಗಳ ಹಿಂದೆ ಅದು ಕುರುಡು. ಫಲವೆಲ್ಲ ಹಿಡಿದವರ ಕೈಚಳಕದ ಮೇಲೆ. ಇದೇ ಯಂತ್ರದಿಂದ ಹೆಣ್ಣುಭ್ರೂಣಗಳನ್ನು ಹುಡುಕಿ ಕೊಂದದ್ದರಿಂದ, ಲಿಂಗಪತ್ತೆಯನ್ನು 1994ರ ಕಾಯಿದೆ ಅಪರಾಧವಾಗಿಸಿತು. ಎಂ.ಆರ್.ಐ. ಅಯಸ್ಕಾಂತದ ಬಲದಿಂದ ಮಿದುಳು, ಬೆನ್ನುಹುರಿ, ಕೀಲುಗಳ ಮೃದುಭಾಗಗಳನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಬಹಳ ಹೊತ್ತು ಅಲುಗಾಡದೆ ಮಲಗಬೇಕು, ದೇಹದೊಳಗೆ ಕೆಲವು ಬಗೆಯ ಲೋಹದ ಸಾಧನಗಳಿದ್ದವರಿಗೆ ಅಪಾಯ, ವೆಚ್ಚವೂ ಹೆಚ್ಚು.

ಆದಕಾರಣ ನನ್ನ ಅಭಿಮತವಿದು. ನಮ್ಮ ತಾಲ್ಲೂಕುಗಳಿಗೆ ಮೊದಲು ಬೇಕಾದದ್ದು ಹಗಲಿರುಳು ನಡೆಯುವ ಕ್ಷ-ಕಿರಣ, ಅಲ್ಟ್ರಾಸೌಂಡುಗಳು ಮತ್ತು ಅವುಗಳ ಚಿತ್ರವನ್ನು ಓದಬಲ್ಲ ತಜ್ಞರು. ಪೆಟ್ಟು ಬಿದ್ದವರಿಗೆ ಸಮೀಪದಲ್ಲೇ ಸಿ.ಟಿ. ದೊರೆಯಬೇಕು. ಎಂ.ಆರ್.ಐ.ಗೆ, ಅಗತ್ಯವುಳ್ಳವರು ವೈದ್ಯರ ಚೀಟಿಯೊಡನೆ ಹೋಗಲಿ. ಕಾಲಿನಲ್ಲಿ ಬಲ ಕುಂದಿದ್ದರೆ, ಮೂತ್ರ ಕಟ್ಟಿದ್ದರೆ, ಚಿಕ್ಕಪ್ಪನೂ ಆ ದಿನವೇ ಹೋಗಬೇಕಾಗಿತ್ತು.

ಓದಿದ ನಾವು ಮನೆಯ ಹಿರಿಯರ ಜೊತೆಗೆ ಆಸ್ಪತ್ರೆಗೆ ಹೋದಾಗ ಒಂದು ಪ್ರಶ್ನೆ ಕೇಳುವುದನ್ನು ಕಲಿಯೋಣ: ‘ಸ್ವಾಮಿ, ಈ ಚಿತ್ರದಿಂದ ಚಿಕಿತ್ಸೆ ಬದಲಾಗುತ್ತದೆಯೆ?’ ಹೌದೆಂದರೆ ಸಾಲ ಮಾಡಿಯಾದರೂ ತೆಗೆಸೋಣ. ಇಲ್ಲವೆಂದರೆ ಗೂಡಿನ ಹಣ ಮನೆಯಲ್ಲಿರಲಿ.