ಯಾರು ಬೆಂಕಿ ಅಂತ ಕೇಳೋ ಮುಂಚೆ ಲೆಕ್ಕ ನೋಡ್ರಪ್ಪಾ

(1/6)

ಮೂರು ದಿನದಿಂದ ನನ್ನ ಫೋನ್ ಕಾದ ಹೆಂಚು ಆಗಿದೆ. ಕಾರಣ ನಿಮಗೆಲ್ಲ ಗೊತ್ತು. ನಮ್ಮ ಕ್ಲಾಸಿನ ಹುಡುಗನ ಅಪ್ಪ ಮಾಲೂರು ಕಡೆ ಇಟ್ಟಿಗೆ ಗೂಡಲ್ಲಿ ಕೆಲಸ ಮಾಡ್ತಾ ಬಿದ್ದು ಬೆನ್ನು ಮುರ್ಕೊಂಡ್ರಲ್ಲ, ಅವರ ಚಿಕಿತ್ಸೆಗೆ ಅಂತ ಹೋದ ಶನಿವಾರ ಕೋಲಾರದಲ್ಲಿ ನಾವೇ ಸೇರಿ ಶೋ ಮಾಡಿದ್ವಿ. ಶೋ ಮುಗಿದು ಚೇರು ಜೋಡಿಸೋಕೂ ಮುಂಚೆ ಒಬ್ಬ ಪುಣ್ಯಾತ್ಮ ಸ್ಟೋರಿಲಿ ಪೋಲ್ ಹಾಕಿದ: ಯಾರು ಬೆಂಕಿ? ಆಪ್ಷನ್ ಎರಡೇ. ಬೆಂಗಳೂರಿಂದ ಬಂದ ಬ್ಯಾಂಡು, ಇಲ್ಲಾ ನಮ್ಮ ಸೀನಿಯರ್ಸ್ ಬ್ಯಾಂಡು.

ಅಲ್ಲಿಂದ ಶುರು. ಸೋಲೋ ಯಾರದು ಚೆನ್ನಾಗಿತ್ತು, ಡ್ರಮ್ಮರ್ ಟೆಂಪೋ ಬಿಟ್ಟನಾ ಇಲ್ವಾ, ವೋಕಲ್ಸ್ ಫ್ಲಾಟಾ ಮೈಕ್ ಫ್ಲಾಟಾ. ಕೊನೆಗೆ ಲೈವ್ ಏಡ್ ಬಂತು. "ಕ್ವೀನ್ ಲೈವ್ ಏಡ್ ಥರ ಇತ್ತು ಗುರು" ಅಂತ ಒಬ್ಬ, "ಹೋಗಲೇ, ಯು2 ಮುಂದೆ ಕ್ವೀನ್ ಯಾವ ಲೆಕ್ಕ" ಅಂತ ಇನ್ನೊಬ್ಬ. ಮುಳಬಾಗಿಲು ಬಸ್‌ಸ್ಟ್ಯಾಂಡಲ್ಲಿ ನಿಂತ್ಕೊಂಡು ವೆಂಬ್ಲಿ ಸ್ಟೇಡಿಯಂ ಬಗ್ಗೆ ಹೊಡೆದಾಡೋಕೆ ನಮಗೆ ಬಿಟ್ರೆ ಯಾರಿಗೆ ಬರುತ್ತೆ.

ನಾನೂ ಹೊಡೆದಾಡಿದೀನಿ. ಪೋಲಲ್ಲಿ ವೋಟೂ ಹಾಕಿದೀನಿ. ಆದ್ರೆ ಆ ಶೋದ ದುಡ್ಡಿನ ಡಬ್ಬ ನನ್ನ ಹತ್ರ ಇತ್ತು. ಭಾನುವಾರ ಕೂತು ಲೆಕ್ಕ ಬರೆದೆ. ಅದಕ್ಕೇ ಈ ಸೀರೀಸ್. ಉದ್ದ ಇದೆ, ಓದೋ ತಾಳ್ಮೆ ಇಲ್ದೋರು ಈಗಲೇ ಸ್ಕ್ರೋಲ್ ಮಾಡಿ.

(2/6)

ಮೊದಲು ಲೈವ್ ಏಡ್ ವಿಷಯಕ್ಕೇ ಬರ್ತೀನಿ, ಯಾಕಂದ್ರೆ ಅದನ್ನ ಎಳೆದು ತಂದಿದ್ದು ನೀವು.

1985 ಜುಲೈ 13. ಇಥಿಯೋಪಿಯಾದ ಬರಗಾಲಕ್ಕೆ ದುಡ್ಡು ಎತ್ತೋಕೆ ಒಂದೇ ದಿನ ಲಂಡನ್ನಿನ ವೆಂಬ್ಲಿಯಲ್ಲೂ ಅಮೆರಿಕದ ಫಿಲಡೆಲ್ಫಿಯಾದಲ್ಲೂ ಶೋ. ವೆಂಬ್ಲಿಯಲ್ಲೇ 72,000 ಜನ. ಕ್ವೀನ್ ಆಡಿದ್ದು ಸುಮಾರು 21 ನಿಮಿಷ. 2005ರಲ್ಲಿ ಇಂಗ್ಲೆಂಡಿನ ಕಲಾವಿದರು, ಪತ್ರಕರ್ತರು ಸೇರಿ ಅದನ್ನೇ ಎಲ್ಲಕ್ಕಿಂತ ದೊಡ್ಡ ಲೈವ್ ಅಂತ ಆರಿಸಿದರು. ಸರಿ, ನಾನೂ ಒಪ್ತೀನಿ. ಫ್ರೆಡ್ಡಿ ಮರ್ಕ್ಯುರಿ ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿ ಸ್ಕೂಲಲ್ಲಿ ಓದಿದ ಪಾರ್ಸಿ ಹುಡುಗ, ಅದಕ್ಕೆ ನನಗೆ ಒಂಚೂರು ಪಕ್ಷಪಾತನೂ ಇದೆ.

ಆದ್ರೆ ನೀವು ನೋಡಿರೋದು ಲೈವ್ ಏಡಾ, 2018ರ ಸಿನಿಮಾನಾ? ಸಿನಿಮಾದಲ್ಲಿ ಎರಡು ಹಾಡೇ ಕತ್ತರಿಸಿದಾರೆ. ಇನ್ನು ಅರ್ಧ ಜನ ನೋಡಿರೋದು ಮೂವತ್ತು ಸೆಕೆಂಡಿನ ರೀಲು. ರೀಲು ನೋಡಿ ಬ್ಯಾಂಡ್ ಅಳೆಯೋದು, ಟ್ರೈಲರ್ ನೋಡಿ ಸಿನಿಮಾಗೆ ರಿವ್ಯೂ ಬರೆದ ಹಾಗೆ.

ಕ್ವೀನ್ ಯಾಕೆ ಗೆದ್ರು ಅಂತ ಕೇಳಿದ್ರೆ ಎಲ್ಲರೂ ಧ್ವನಿ, ಮೀಸೆ, ಬಿಳಿ ಬನಿಯನ್ನು ಅಂತೀರಿ. ಅವರು ಲಂಡನ್ನಿನ ಶಾ ಥಿಯೇಟರ್‌ನಲ್ಲಿ ಗಡಿಯಾರ ಇಟ್ಕೊಂಡು ಪ್ರಾಕ್ಟೀಸ್ ಮಾಡಿದ್ರು. ಕೊಟ್ಟ ಟೈಮಲ್ಲಿ ಏನು ಹಿಡಿಸುತ್ತೋ ಅಷ್ಟನ್ನ ಹಿಡಿಸಿದರು, ಮುಗಿಸಿದರು, ಇಳಿದರು. ನಮ್ಮ ಶೋನಲ್ಲಿ ಬೆಂಗಳೂರು ಬ್ಯಾಂಡಿಗೆ ಕೊಟ್ಟಿದ್ದು 25 ನಿಮಿಷ. ಆಡಿದ್ದು 55. ಅವರ ಎರಡನೇ ಹಾಡಿನ ಸೋಲೋ ನಿಜವಾಗ್ಲೂ ಚಿಂದಿ, ಮೈ ಜುಂ ಅಂತು, ಸುಳ್ಳು ಹೇಳಲ್ಲ. ಆದ್ರೆ ಆ ಹೆಚ್ಚುವರಿ ಅರ್ಧ ಗಂಟೆ ಯಾರದೋ ಒಬ್ಬರ ಟೈಮು. ಯಾರದು ಅಂತ ನಾಲ್ಕನೇ ಪೋಸ್ಟಲ್ಲಿ ಹೇಳ್ತೀನಿ.

ಯು2 ಫ್ಯಾನ್ಸು ಖುಷಿ ಪಡಬೇಡಿ. ಅವರು ಮೂರು ಹಾಡು ಅಂತ ಬಂದು 'ಬ್ಯಾಡ್' ಒಂದನ್ನೇ ಸುಮಾರು 12 ನಿಮಿಷ ಎಳೆದು, ಬೋನೋ ಸ್ಟೇಜಿಂದ ಕೆಳಗೆ ಹಾರಿ ಒಂದು ಹುಡುಗಿ ಜೊತೆ ಕುಣಿದು, ಕೊನೆಗೆ ಮೂರನೇ ಹಾಡೇ ಆಡಲಿಲ್ಲ. ಬ್ಯಾಂಡಿನವರೇ ಆಮೇಲೆ ಅವನ ಮೇಲೆ ಸಿಟ್ಟಾಗಿದ್ರು. ಆದ್ರೆ ಗಮನಿಸಿ, ಎಳೆದಾಗ ಅವರು ತಿಂದಿದ್ದು ಅವರದೇ ಹಾಡು, ಮುಂದಿನವರ ಹಾಡಲ್ಲ.

(3/6)

ಈಗ ನನ್ನ ವೋಟು. ಲೈವ್ ಏಡ್‌ನಲ್ಲಿ ನನ್ನ ಪ್ರಕಾರ ಗೆದ್ದಿದ್ದು ಡೇವಿಡ್ ಬೋವಿ.

ಕಲ್ಲು ಹೊಡೀಬೇಡಿ, ಕೇಳಿ. ವೆಂಬ್ಲಿಯಲ್ಲಿ ಕ್ವೀನ್ ಆದ್ಮೇಲೆ ಬಂದಿದ್ದೇ ಬೋವಿ. ಅದಕ್ಕಿಂತ ಕಷ್ಟದ ಜಾಗ ಪ್ರಪಂಚದಲ್ಲಿ ಇಲ್ಲ. ಅಂಥ ಜಾಗದಲ್ಲಿ ಯಾರಾದ್ರೂ ಇನ್ನೂ ಒಂದು ಹಾಡು ಕೊಡಿ ಅಂತ ಕೇಳ್ತಾರೆ. ಬೋವಿ ತನ್ನ ಪಟ್ಟಿಯಿಂದ ಒಂದು ಹಾಡನ್ನ ತೆಗೆದ. ಆ ನಿಮಿಷಗಳಲ್ಲಿ ಕೆನಡಾ ಟಿವಿಯವರು ತೆಗೆದಿದ್ದ ಇಥಿಯೋಪಿಯಾದ ಬರದ ವಿಡಿಯೋ ತೋರಿಸಿ ಅಂದ. ಹಾಡು ನಿಂತು ಸ್ಕ್ರೀನ್ ಮೇಲೆ ಆ ಮಕ್ಕಳು ಬಂದವು. ಅದಾದ ಮೇಲೆ ದೇಣಿಗೆ ಒಂದೇ ಸಮ ಏರಿತು.

"ಅದು ಪರ್ಫಾಮೆನ್ಸ್ ಅಲ್ಲ ಬ್ರೋ" ಅಂತ ಡಿಎಂ ಬರುತ್ತೆ, ಗೊತ್ತು. ಯಾಕಲ್ಲ? ಟಿಕೆಟ್ ಮೇಲೆ "ಸಹಾಯಾರ್ಥ" ಅಂತ ಪ್ರಿಂಟ್ ಹಾಕಿದ ಮೇಲೆ ಅಳೆಯೋ ಕೋಲು ಬದಲಾಗುತ್ತೆ. ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ 2007ರಲ್ಲಿ ಐರನ್ ಮೇಡನ್ ಬಂದಾಗ, 2011ರಲ್ಲಿ ಮೆಟಾಲಿಕಾ ಬಂದಾಗ, ಅದು ಶೋ. ದುಡ್ಡು ಕೊಟ್ಟೆ, ಕೇಳಿದೆ, ಮುಗೀತು. ಅಲ್ಲಿ ಸೋಲೋ ಮಾತ್ರ ಅಳೀರಿ, ನನ್ನ ತಕರಾರಿಲ್ಲ. ಸಹಾಯಾರ್ಥ ಅಂದ್ರೆ ಸ್ಟೇಜಿನ ಮೇಲೆ ಇಲ್ಲದ ಒಬ್ಬ ಮನುಷ್ಯ ಇದಾನೆ, ಅವನ ಹೆಸರಲ್ಲಿ ಜನ ಬಂದಿದಾರೆ.

ಲೆಡ್ ಜೆಪ್ಪೆಲಿನ್ ಕಥೆ ಗೊತ್ತಲ್ಲ? ಫಿಲಡೆಲ್ಫಿಯಾದಲ್ಲಿ ಪ್ರಾಕ್ಟೀಸ್ ಇಲ್ಲದೆ ಹತ್ತಿ ಗಿಟಾರ್ ಶ್ರುತಿ ಕೆಟ್ಟು ಎಷ್ಟು ಕೆಟ್ಟದಾಗಿ ಆಯ್ತು ಅಂದ್ರೆ 2004ರಲ್ಲಿ ಡಿವಿಡಿ ಬಂದಾಗ ನಮ್ಮದು ಹಾಕಬೇಡಿ ಅಂದ್ರು. ಆದ್ರೆ ಅದರ ಬದಲು ಬೇರೆ ಕಡೆಯ ಆದಾಯ ಕೊಡ್ತೀವಿ ಅಂತನೂ ಹೇಳಿದ್ರು. ಮಾನ ಉಳಿಸ್ಕೊಂಡಿದ್ದಕ್ಕೂ ಬಿಲ್ ಕಟ್ಟಿದ್ರು. ಬಾಬ್ ಡಿಲನ್ ಅಲ್ಲೇ, ತಂತಿ ಕಿತ್ಕೊಂಡು ರಾನ್ ವುಡ್ ಗಿಟಾರ್ ಇಸ್ಕೊಂಡು ಆಡಿದ. ಆಟ ಸಾಧಾರಣ. ಆದ್ರೆ ಅವನು ಮೈಕಲ್ಲಿ, ಇದರಲ್ಲಿ ಒಂದಿಷ್ಟು ದುಡ್ಡು ನಮ್ಮ ಬ್ಯಾಂಕ್ ಸಾಲದ ರೈತರಿಗೂ ಹೋಗಲಿ ಅಂದುಬಿಟ್ಟ. ಸಂಘಟಕರಿಗೆ ಉರಿದುಹೋಯ್ತು. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ 22ಕ್ಕೆ, ವಿಲ್ಲಿ ನೆಲ್ಸನ್, ನೀಲ್ ಯಂಗ್ ಎಲ್ಲ ಸೇರಿ ಫಾರ್ಮ್ ಏಡ್ ಅಂತ ಶುರು ಮಾಡಿದ್ರು. ಟೊಮ್ಯಾಟೋ ರೇಟು ಬಿದ್ದಾಗ ರಸ್ತೆಗೆ ಸುರಿದು ಹೋಗೋ ಊರಿನ ಹುಡುಗನಾಗಿ ಹೇಳ್ತೀನಿ, ಆ ಸೆಟ್ಟಿಗೆ ನಾನು ಮಾರ್ಕ್ಸ್ ಕಡಿಮೆ ಕೊಡಲ್ಲ.

(4/6)

ಇನ್ನೂ ಹಳೇದು ಒಂದಿದೆ. 1971 ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ರವಿಶಂಕರ್ ಕೇಳಿದ್ರು ಅಂತ ಜಾರ್ಜ್ ಹ್ಯಾರಿಸನ್ ಮಾಡಿದ ಶೋ. ಮೊದಲು ಕೂತಿದ್ದು ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ. ಸಿತಾರು ಸರೋದು ಶ್ರುತಿ ಮಾಡ್ಕೊಂಡು ನಿಲ್ಲಿಸಿದ ತಕ್ಷಣ ಜನ ಹಾಡೇ ಮುಗೀತು ಅಂತ ಚಪ್ಪಾಳೆ ಹೊಡೆದುಬಿಟ್ರು! ಶ್ರುತಿಯೇ ಇಷ್ಟು ಇಷ್ಟ ಆದ್ರೆ ಹಾಡು ಇನ್ನೂ ಇಷ್ಟ ಆಗುತ್ತೆ ಅನ್ನೋ ಅರ್ಥದಲ್ಲಿ ರವಿಶಂಕರ್ ನಕ್ಕು ಹೇಳಿದ್ರು. ಅವರಿಗೆ ಗೊತ್ತಿರಲಿಲ್ಲ, ಆದ್ರೂ ಮರ್ಯಾದೆ ಕೊಟ್ರು.

ನಾವೇನು ಮಾಡಿದ್ವಿ?

ಪೋಲಲ್ಲಿ ಇಲ್ಲದ ಮೂರನೇ ತಂಡ ನೆನಪಿದೆಯಾ? ಮುಳಬಾಗಿಲು ತಾಲ್ಲೂಕಿಂದ ಬಂದ ಐದು ಜನ ತಮಟೆಯವರು. ಸಂಜೆ ಐದಕ್ಕೇ ಬಂದು ಕೂತಿದ್ರು. ತಮಟೆಗೆ ಶ್ರುತಿ ಅಂದ್ರೆ ಬೆಂಕಿ. ಹುಲ್ಲೋ ಪೇಪರ್ರೋ ಹಚ್ಚಿ ಚರ್ಮ ಕಾಯಿಸಿದ್ರೆ ಬಿಗಿ ಆಗುತ್ತೆ, ಆಗ ಆ ಎರಡು ಕಡ್ಡಿ ಬಿದ್ದ ತಕ್ಷಣ ಎದೆಗೆ ಹೊಡೆಯೋ ಶಬ್ದ. ಅವರು ಹಾಲ್ ಹಿಂದೆ ಬೆಂಕಿ ಹಾಕೋಕೆ ಹೋದ್ರೆ ನಮ್ಮ ವಾಲಂಟಿಯರ್ಸು ಬೇಡ ಬೇಡ ಅಂತ ಓಡಿ ಬಂದ್ರು. ಕಾರಣ, ಬ್ಯಾಂಡಿನ ಸಾಮಾನು ಪಕ್ಕದಲ್ಲೇ ಇತ್ತು. "ಮಂಟ ಲೇಕುಂಟೇ ಶಬ್ದಂ ರಾದಪ್ಪಾ" ಅಂತ ಆ ಹಿರಿಯರು ಮೆಲ್ಲಗೆ ಹೇಳಿದ್ರು. ಪಕ್ಕದಲ್ಲಿದ್ದವರು ನಕ್ಕರು. ಬ್ಯಾಂಡಿನ ಸೌಂಡ್ ಚೆಕ್ ಒಂದೂವರೆ ಗಂಟೆ ನಡೀತು, ಅದಕ್ಕೆ ಯಾರೂ ನಗಲಿಲ್ಲ. ಅದು ಶ್ರುತಿ, ಇದು ಹೊಗೆ!

ಅವರಿಗೆ ಅಂತ ಇಟ್ಟಿದ್ದು 25 ನಿಮಿಷ. ಬೆಂಗಳೂರು ಬ್ಯಾಂಡು ತಿಂದಿದ್ದು ಅದನ್ನೇ. ಹಾಲ್ ಟೈಮ್ ಮುಗೀತು ಅಂತ ಕೊನೆಗೆ ಸಿಕ್ಕಿದ್ದು ಎಂಟು ನಿಮಿಷ, ಅದೂ ಸಡಿಲ ಚರ್ಮದಲ್ಲಿ. ಆದ್ರೂ ಆ ಎಂಟು ನಿಮಿಷದಲ್ಲಿ ಹಿಂದಿನ ಸಾಲಿನ ಅಂಕಲ್‌ಗಳು, ವಾಚ್‌ಮನ್ನು, ನಮ್ಮ ಲೆಕ್ಚರರ್ ಮೇಡಂ ಎಲ್ಲ ಎದ್ದು ನಿಂತಿದ್ದು ನಾನು ನೋಡಿದೆ. ನೀವು ಅಷ್ಟೊತ್ತಿಗೆ ಹೊರಗೆ ಬ್ಯಾಂಡ್ ಜೊತೆ ಸೆಲ್ಫಿ.

ಪೋಲ್ ಕೆಳಗೆ ಒಬ್ಬ ಬರೆದಿದಾನೆ, "ತಮಟೆ ಸಾವಿಗೆ ಹೊಡೆಯೋದು, ಇದು ರಾಕ್ ಶೋ" ಅಂತ. 42 ಲೈಕು. ಸಾವಿಗೂ ಹೊಡೀತಾರೆ, ಜಾತ್ರೆಗೂ ಹೊಡೀತಾರೆ, ನಿನ್ನ ಮನೆ ದೇವರ ಮೆರವಣಿಗೆಗೂ ಹೊಡೀತಾರೆ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಕೊಟ್ಟಿದ್ದು ಇದೇ ತಮಟೆಗೆ. ಈಗ ಅದು ಚಿಕ್ಕಬಳ್ಳಾಪುರ ಜಿಲ್ಲೆ, 2007ಕ್ಕೆ ಮುಂಚೆ ನಮ್ಮ ಕೋಲಾರನೇ. ತೇರಹಳ್ಳಿ ಬೆಟ್ಟದ ಆದಿಮದಲ್ಲಿ ಹುಣ್ಣಿಮೆ ಹಾಡು ಅಂತ ನಡೆಯುತ್ತಲ್ಲ, ಒಂದ್ಸಲ ಹತ್ತಿ ನೋಡಿ, ನಮ್ಮ ಊರಲ್ಲಿ ಏನಿದೆ ಅಂತ ಗೊತ್ತಾಗುತ್ತೆ. ತಮಟೆ ಆಪ್ಷನ್‌ನಲ್ಲಿ ಯಾಕಿರಲಿಲ್ಲ ಅನ್ನೋದು ನನಗೂ ಗೊತ್ತು, ನಿಮಗೂ ಗೊತ್ತು. ಮ್ಯೂಸಿಕ್ ಟೇಸ್ಟು ಅಂತ ಹೇಳಬೇಡಿ.

(5/6)

ಈಗ ಬಿಕಾಂ ಕೆಲಸ.

ಟಿಕೆಟ್ 100 ರೂಪಾಯಿ, ಹೋಗಿದ್ದು 412. ಒಟ್ಟು 41,200. ಖರ್ಚು: ಸೌಂಡ್ 18,000, ಲೈಟು 6,500, ಬೆಂಗಳೂರು ಬ್ಯಾಂಡಿನ ಟಿಟಿ ಗಾಡಿ ಮತ್ತು ಬಿರಿಯಾನಿ 9,500, ಬ್ಯಾನರ್ 1,800, ಜನರೇಟರ್ ಡೀಸೆಲ್, ಹಾಲ್ ಕ್ಲೀನಿಂಗ್ 2,000. ಒಟ್ಟು 37,800. ಉಳಿದಿದ್ದು 3,400.

ಅಂದ್ರೆ ನಿಮ್ಮ 100 ರೂಪಾಯಲ್ಲಿ ಆ ಮನೆಗೆ ಹೋಗಿದ್ದು 8 ರೂಪಾಯಿ 25 ಪೈಸೆ. ಬ್ರೇಕ್ ಈವನ್ ಪಾಯಿಂಟ್ ಎಕ್ಸಾಮಲ್ಲಿ ಹತ್ತು ಮಾರ್ಕ್ಸಿಗೆ ಬರೀತೀವಲ್ಲ, ಇಲ್ಲಿ ಹಾಕಿ ನೋಡಿ. ಮೊದಲ 378 ಜನ ಸೌಂಡಿಗೆ, ಲೈಟಿಗೆ, ಬಿರಿಯಾನಿಗೆ ಕೊಟ್ರು. ಕೊನೆಯ 34 ಜನ ಮಾತ್ರ ಮುರಿದ ಬೆನ್ನಿಗೆ ಕೊಟ್ರು.

"ಬ್ಯಾಂಡು ಫ್ರೀಯಾಗಿ ಆಡಿದ್ರು" ಅಂತ ಪೋಸ್ಟರಲ್ಲಿ ಹಾಕಿದ್ವಿ. ಸಂಬಳ ತಗೊಂಡಿಲ್ಲ, ನಿಜ. ಆದ್ರೆ ನಮಗೆ ಇಂಥದೇ ಮಾನಿಟರ್ರು, ಇಷ್ಟೇ ಮೈಕು ಬೇಕು ಅಂತ ಪಟ್ಟಿ ಕಳಿಸಿದ್ದಕ್ಕೇ ಸೌಂಡು 18,000 ಆಗಿದ್ದು. ನಮ್ಮ ಶ್ರೀನಿವಾಸಪುರದ ಗಣೇಶನ ಆರ್ಕೆಸ್ಟ್ರಾ ಸೆಟ್ಟು 7,000ಕ್ಕೆ ಬರ್ತೀನಿ ಅಂದಿತ್ತು. ಬೇಡ, ಲೋಕಲ್ ಆಗುತ್ತೆ ಅಂತ ಸಹಿ ಹಾಕಿದ್ದು ಯಾರು? ನಾನೇ. 11,000 ರೂಪಾಯಿ ನನ್ನ ಒಂದು ಸಹಿಯಲ್ಲಿ ಹೋಯ್ತು. ನನಗೆ ಬೈಯೋದಿದ್ರೆ ಇದಕ್ಕೆ ಬೈರಿ.

ಇದು ನಮ್ಮಂಥ ಹುಡುಗರ ತಪ್ಪು ಮಾತ್ರ ಅಂದ್ಕೋಬೇಡಿ. ಆ 1971ರ ಶೋ ಇದೆಯಲ್ಲ, ಎರಡು ಆಟ ಸೇರಿ 40,000 ಜನ, ಗೇಟ್ ಕಲೆಕ್ಷನ್ 2,43,418 ಡಾಲರ್ ಯುನಿಸೆಫ್‌ಗೆ ಸೇರಿತು. ಆದ್ರೆ ಆಮೇಲೆ ಆಲ್ಬಮ್ಮಿಂದ, ಸಿನಿಮಾದಿಂದ ಬಂದ ದೊಡ್ಡ ದುಡ್ಡು ಅಮೆರಿಕದ ತೆರಿಗೆ ಇಲಾಖೆ ಹತ್ರ ವರ್ಷಗಟ್ಟಲೆ ಸಿಕ್ಕಿಹಾಕ್ಕೊಂಡಿತ್ತು. ಯಾಕೆ? ಶೋಗೆ ಮುಂಚೆ ತೆರಿಗೆ ವಿನಾಯಿತಿ ಕಾಗದ ಮಾಡಿಸಿರಲಿಲ್ಲ. ಆಲ್ಬಮ್ಮಿಗೆ ಗ್ರ್ಯಾಮಿ ಬಂತು, ಹಸಿದವರಿಗೆ ಬರಬೇಕಾದ್ದು ಫೈಲಲ್ಲಿ ಕೂತಿತ್ತು. ಲೈವ್ ಏಡ್‌ನಲ್ಲಿ ಯಾರು ಗೆದ್ರು ಅಂತ 40 ವರ್ಷದಿಂದ ಜಗಳ ಆಡೋರಲ್ಲಿ ಈ ಕಾಗದದ ಬಗ್ಗೆ ಒಬ್ಬನೂ ಮಾತಾಡಲ್ಲ. ನನಗೆ ಇದು ಗಿಟಾರ್ ಸೋಲೋಗಿಂತ ಕಡಿಮೆ ರೋಮಾಂಚನ ಅನ್ನಿಸ್ಲಿಲ್ಲ, ಏನ್ಮಾಡ್ಲಿ, ಕಾಮರ್ಸ್ ಸ್ಟೂಡೆಂಟು.

ನಮ್ಮ ತಾತ ಹೇಳೋರು, ರಾಜ್‌ಕುಮಾರ್ ಸಹಾಯಾರ್ಥ ರಸಮಂಜರಿ ಅಂತ ಬಂದ್ರೆ ಊರಿಗೆ ಊರೇ ಹೋಗ್ತಿತ್ತು ಅಂತ. ಯಾವ ಹಾಡು ಚೆನ್ನಾಗಿತ್ತು ಅಂತ ಅವರೂ ಜಗಳ ಆಡಿರ್ತಾರೆ. ಆಡ್ಲಿ. ಆದ್ರೆ ಬೆಳಗ್ಗೆ ಎದ್ದು "ಎಷ್ಟು ಕೂಡಿತಂತೆ?" ಅಂತನೂ ಕೇಳ್ತಿದ್ರಂತೆ. ನಮ್ಮಲ್ಲಿ ಮೂರು ದಿನ, ಮುನ್ನೂರು ಕಾಮೆಂಟು, ಒಬ್ಬನಾದ್ರೂ ಕೇಳಿದ್ರಾ?

(6/6)

ಒಂದು ಬಿಟ್ಟಿದ್ದೆ. ಹುಂಡಿ.

ತಮಟೆಯವರಲ್ಲಿ ಚಿಕ್ಕ ಹುಡುಗ ಒಬ್ಬ ಇದ್ದ, ಎಂಟು ಒಂಬತ್ತನೇ ಕ್ಲಾಸು ಇರಬೇಕು. ಆ ಎಂಟು ನಿಮಿಷ ಅವನು ಬಾರಿಸಲಿಲ್ಲ. ಟೇಬಲ್ ಮೇಲೆ ಸುಮ್ನೆ ಕೂತಿದ್ದ ಹುಂಡಿ ಡಬ್ಬ ಎತ್ಕೊಂಡು ಸಾಲು ಸಾಲು ಓಡಾಡಿದ. ಯಾರೂ ಹೇಳಿರಲಿಲ್ಲ. ಜಾತ್ರೇಲಿ ಹಾಗೇ ಮಾಡೋದಂತೆ. 2,260 ರೂಪಾಯಿ. ಲೆಕ್ಕ ಹಾಕಿ: ಎರಡು ಬ್ಯಾಂಡು, ಮೂರು ಗಂಟೆ, 3,400. ಐದು ಜನ, ಎಂಟು ನಿಮಿಷ, 2,260.

ಸೋಮವಾರ ಒಟ್ಟು 5,660 ರೂಪಾಯಿನ ಅವರ ಮನೆಗೆ ಹೋಗಿ ಅಮ್ಮನ ಕೈಗೆ ಕೊಟ್ಟು ಬಂದ್ವಿ. ಅವರು ಕಾಫಿ ಮಾಡಿಕೊಟ್ರು. "ತುಂಬಾ ಜನ ಬಂದಿದ್ರಂತೆ" ಅಂದ್ರು. ಹೌದಮ್ಮಾ ಅಂದೆ. ಬೇರೆ ಏನು ಹೇಳೋಕಾಗುತ್ತೆ.

ಲೆಕ್ಕದ ಹಾಳೆ, ಬಿಲ್ಲುಗಳು ಕೊನೇ ಸ್ಲೈಡಲ್ಲಿವೆ. ಝೂಮ್ ಮಾಡಿ, ತಪ್ಪಿದ್ರೆ ಕಾಮೆಂಟಲ್ಲೇ ಹೇಳಿ, ಡಿಎಂ ಬೇಡ. ಒಂದು ತಪ್ಪು ನಾನೇ ಹೇಳ್ತೀನಿ: ತಮಟೆಯವರ ಬಸ್ ಚಾರ್ಜು ಅದರಲ್ಲಿಲ್ಲ. ನಾವು ಕೊಟ್ಟಿಲ್ಲ, ಅವರು ಕೇಳಿಲ್ಲ. ರಾತ್ರಿ ಹತ್ತರ ಮೇಲೆ ಮುಳಬಾಗಿಲು ಬಸ್ಸಿಗೆ ತಮಟೆ ಹೆಗಲಿಗೆ ಹಾಕ್ಕೊಂಡು ನಿಂತಿದ್ದಾಗ ನಾನು ಅವರ ಮುಂದೆನೇ ಬೈಕಲ್ಲಿ ಹೋದೆ. ಈ ಭಾನುವಾರ ಅವರ ಊರಿಗೆ ಹೋಗ್ತಿದೀನಿ, ಅದನ್ನ ಕೊಡೋಕೆ. ಆ ಡಬ್ಬದಿಂದಲ್ಲ, ನನ್ನ ಜೇಬಿಂದ. ಪೋಲ್ ಹಾಕಿದ ಪುಣ್ಯಾತ್ಮ, ನೀನೂ ಬಾ, ಹಿಂದೆ ಸೀಟ್ ಖಾಲಿ ಇದೆ. ಅಲ್ಲಿ ಬೆಂಕಿ ಹಾಕ್ಬೇಡಿ ಅನ್ನೋರು ಯಾರೂ ಇರಲ್ಲ.