ದಾರಂದದ ಬುಡ ಕೊಳೆತರೆ ಇಡೀ ದಾರಂದ ಕೀಳಬೇಕೆ?

ಮಳೆಗಾಲ ಮುಗಿಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಒಂದೇ ದೂರು. ಬಾಗಿಲ ದಾರಂದದ ಬುಡ ಮೆತ್ತಗಾಗಿದೆ, ಒತ್ತಿದರೆ ಹುಡಿ ಉದುರುತ್ತದೆ. ಮೇಸ್ತ್ರಿಯನ್ನು ಕರೆಸಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಕಿತ್ತು ಹಾಕಿ, ಮರದ ಹುಡಿಗೆ ಪ್ಲಾಸ್ಟಿಕ್ ಬೆರೆಸಿದ ಡಬ್ಲ್ಯುಪಿಸಿಯದ್ದೋ ಗ್ರಾನೈಟಿನದ್ದೋ ಕೂರಿಸೋಣ.’ ಈ ಮಾತಿಗೆ ಹೂಂ ಎನ್ನುವ ಮುನ್ನ ಮನೆಯವರು ಸ್ಕ್ರೂಡ್ರೈವರ್ ಹಿಡಿದು ದಾರಂದದ ಮುಂದೆ ಐದು ನಿಮಿಷ ಕೂರಬೇಕು.

ನೆಲದಿಂದ ಶುರುಮಾಡಿ ಎರಡು ಬೆರಳಿಗೊಮ್ಮೆ ಚುಚ್ಚುತ್ತಾ ಮೇಲೆ ಹೋಗಲಿ. ಬುಡದಲ್ಲಿ ಮೊನೆ ಸಲೀಸಾಗಿ ಇಳಿಯುತ್ತದೆ. ಇನ್ನಷ್ಟು ಮೇಲೆ ತಡೆಯುತ್ತದೆ. ಸಾಮಾನ್ಯವಾಗಿ ಒಂದಡಿ ದಾಟುವಷ್ಟರಲ್ಲಿ ಮರ ಠಣ್ಣನೆ ಸದ್ದು ಮಾಡುತ್ತದೆ. ಏಳಡಿಯ ದಾರಂದದಲ್ಲಿ ಹಾಳಾಗಿರುವುದು ಅಷ್ಟೇ. ಅಷ್ಟಕ್ಕಾಗಿ ಉಳಿದ ಆರಡಿ ಗಟ್ಟಿಮರವನ್ನು ಸೌದೆಗೆ ಹಾಕುವುದು ಶುದ್ಧ ದುಂದು.

ಕೊಳೆಯುವುದು ಬುಡವೇ ಏಕೆ? ಮರ ತಿನ್ನುವ ಶಿಲೀಂಧ್ರಕ್ಕೆ ನೀರು ಬೇಕು. ಮರದೊಳಗಿನ ತೇವ ಶೇ 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯಲಾರದು. ಇಂದಿನ ಮನೆಗಳಲ್ಲಿ ದಾರಂದದ ಕಾಲನ್ನು ನೇರವಾಗಿ ಕಾಂಕ್ರೀಟಿನಲ್ಲಿ ಹೂತು ಸುತ್ತ ಟೈಲ್ಸ್ ಹಾಕುತ್ತಾರೆ. ಮರದ ನೀರು ಹೀರುವ ನಾಳಗಳು ತೆರೆದಿರುವುದು ಅಡ್ಡ ಕೊಯ್ದ ತುದಿಯಲ್ಲೇ. ಬಚ್ಚಲಿನ ನೀರು, ನೆಲ ಒರೆಸಿದ ನೀರು, ಹೊಸ್ತಿಲು ತೊಳೆದ ನೀರು ಎಲ್ಲವೂ ಅಲ್ಲಿಂದ ಮೇಲೇರುತ್ತದೆ. ತೇಗವಾದರೂ ಬಾಳುವುದು ಅದರ ಚೇಗು ಮಾತ್ರ. ಹೊರಗಿನ ಬೆಳ್ಳನೆಯ ಮರಕ್ಕೆ ಆ ಶಕ್ತಿಯಿಲ್ಲ. ತೇವದ ಜಾಡು ಹಿಡಿದು ಗೆದ್ದಲೂ ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ಬರುತ್ತದೆ.

ಹಾಗಾಗಿ ದುರಸ್ತಿ ಆರಂಭವಾಗಬೇಕಾದದ್ದು ನೀರಿನಿಂದ. ಸೋರುವ ನಲ್ಲಿ, ಬಾಗಿಲ ಕಡೆಗೆ ಇಳಿಜಾರಾದ ನೆಲ, ಎರಚಲು ಹೊಡೆಯುವ ಮುಂಬಾಗಿಲು ಮೊದಲು ಸರಿಯಾಗಲಿ. ಗೆದ್ದಲಿದ್ದರೆ ಅದರ ಉಪಚಾರವೂ ಆಗಲೇ. ಕಟ್ಟಿ ಮುಗಿದ ಮನೆಗಳಿಗೆ ಗೆದ್ದಲು ಚಿಕಿತ್ಸೆ ಹೇಗೆ ಎಂಬುದನ್ನು ಭಾರತೀಯ ಮಾನಕ ಐಎಸ್ 6313ರ ಮೂರನೇ ಭಾಗ ವಿವರಿಸುತ್ತದೆ.

ಆಮೇಲೆ ಬಡಗಿಯ ಕೆಲಸ. ಕೊಳೆತದ್ದನ್ನಷ್ಟೇ ಅಲ್ಲ, ಅದರ ಮೇಲಿನ ಎರಡು ಮೂರು ಅಂಗುಲ ಗಟ್ಟಿಮರವನ್ನೂ ಸೇರಿಸಿ ಓರೆಯಾಗಿ ಕೊಯ್ಯಬೇಕು. ಕೊಯ್ತ ಓರೆಯಾದಷ್ಟೂ ಅಂಟು ಹಿಡಿಯುವ ಮೈ ಹೆಚ್ಚುತ್ತದೆ. ಅದೇ ಜಾತಿಯ ಒಣಗಿದ ಮರವನ್ನು, ಎಳೆ ಒಂದೇ ದಿಕ್ಕಿಗೆ ಬರುವಂತೆ, ಅಷ್ಟೇ ಅಳತೆಗೆ ಕೆತ್ತಿ ಕೂರಿಸಬೇಕು. ನೀರಿಗೆ ಬಿಡದ ಅಂಟು ಹಚ್ಚಿ, ಮರದ ಮೊಳೆ ಹೊಡೆದು, ಒಣಗುವ ತನಕ ಬಿಗಿದಿಡಬೇಕು. ಹೊಸ ಕಾಲಿನ ತುದಿಗೆ ಪ್ರೈಮರನ್ನು ಎರಡು ಮೂರು ಸಲ ಕುಡಿಸಿ, ಅದನ್ನು ಮತ್ತೆ ಕಾಂಕ್ರೀಟಿನಲ್ಲಿ ಹೂಳದೆ ಕಲ್ಲಿನ ತುಂಡಿನ ಮೇಲೆ ನಿಲ್ಲಿಸಬೇಕು. ಕೊಳೆತ ಜಾಗಕ್ಕೆ ಸಿಮೆಂಟ್ ಮೆತ್ತಿ ಬಣ್ಣ ಬಳಿಯುವ ಅಗ್ಗದ ಉಪಾಯ ಮಾತ್ರ ಬೇಡವೇ ಬೇಡ. ತೇವ ಒಳಗೇ ಉಳಿದು ಕೊಳೆ ಮೇಲಕ್ಕೆ ಹತ್ತುತ್ತದೆ.

ದುರಸ್ತಿಗೂ ಮಿತಿಯಿದೆ. ಕೊಳೆ ಕೆಳಗಿನ ತಿರುಗಣಿಯನ್ನು ದಾಟಿ ಏರಿದ್ದರೆ ಇಡೀ ಕಾಲನ್ನೇ ಬದಲಿಸುವುದು ಸರಿ. ಹಳೆಯ ಮಣ್ಣಿನ ಗೋಡೆಯ ಮನೆಗಳಲ್ಲಿ ಗೋಡೆಯ ಭಾರ ದಾರಂದದ ಮೇಲೇ ಕೂತಿರಬಹುದು. ಅಲ್ಲಿ ಆಸರೆ ಕೊಡದೆ ಗರಗಸ ಮುಟ್ಟಿಸಬಾರದು.

ಹಳೆಯ ಮರಕ್ಕೆ ಬೆಲೆಯಿದೆ ಎಂಬುದಕ್ಕೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕಣ್ಣೆದುರಿನ ಸಾಕ್ಷಿ. ಕೆಡವಿ ಹೋಗಲಿದ್ದ ಮನೆಗಳನ್ನು ವಿಜಯನಾಥ ಶೆಣೈ ಬಿಡಿಬಿಡಿಯಾಗಿ ಬಿಚ್ಚಿಸಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಇಡೀ ಮನೆಯನ್ನೇ ಬಿಚ್ಚಿ ಜೋಡಿಸಬಹುದಾದರೆ ಒಂದು ದಾರಂದದ ಕಾಲನ್ನು ಕಸಿ ಮಾಡಲಾಗದೆ? ಒಳ್ಳೆಯ ತೇಗ ಸುಲಭಕ್ಕೆ ಸಿಗುವ ಕಾಲವೂ ಇದಲ್ಲ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನು ನಿಷೇಧಿಸಿತು. ಅಜ್ಜನ ಕಾಲದ ದಾರಂದದಲ್ಲಿರುವಂಥ ಮಾಗಿದ ಚೇಗು ಇಂದಿನ ಎಳೆಯ ನೆಡುತೋಪಿನ ಮರದಲ್ಲಿ ಅಷ್ಟಾಗಿ ಇರುವುದಿಲ್ಲ.

ತೊಡಕಿರುವುದು ಕೂಲಿಯಲ್ಲಿ. ಕಸಿ ಕೆಲಸ ನಾಜೂಕಿನದು, ಹೊತ್ತು ತಿನ್ನುವಂಥದು. ‘ಸಣ್ಣ ರಿಪೇರಿ ತಾನೆ’ ಎಂದು ಚೌಕಾಸಿಗಿಳಿದರೆ ಯಾವ ಬಡಗಿಯೂ ಒಪ್ಪುವುದಿಲ್ಲ. ಕೂಲಿಯ ಜತೆಗೆ ಕಲಿಕೆಯೂ ಬೇಕು. ಕುಶಲಕರ್ಮಿಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಒಂದು. ಉಪಕರಣಕ್ಕೆ 15,000 ರೂಪಾಯಿ ವರೆಗೆ ನೆರವಿದೆ, ತರಬೇತಿಯೂ ಇದೆ. ಆ ತರಬೇತಿಯಲ್ಲಿ ದುರಸ್ತಿಯ ಕುಶಲತೆಗೂ ಹೊಸ ಪೀಠೋಪಕರಣದಷ್ಟೇ ಜಾಗ ಸಿಗಬೇಕು.

ಈ ಸಲ ದಾರಂದ ಮೆತ್ತಗಾದರೆ ಬಡಗಿಯನ್ನು ಮೊದಲು ‘ಹೊಸದಕ್ಕೆ ಎಷ್ಟಾಗುತ್ತದೆ’ ಎಂದು ಕೇಳಬೇಡಿ. ‘ಎಷ್ಟು ಕೊಯ್ದರೆ ಸಾಕು’ ಎಂದು ಕೇಳಿ, ಆ ಕೆಲಸಕ್ಕೆ ತಕ್ಕ ಕೂಲಿ ಕೊಡಿ.